ಸಂಘದ ಚರಿತ್ರೆ ಬರೆದುಕೊಡಿ ಅಂತ ಫೋನು ಬಂದಾಗ

ಫೋನು ಬರುವುದು ಸಾಮಾನ್ಯವಾಗಿ ಮಹಾಸಭೆ ಮುಗಿದ ಮಾರನೆ ದಿನ. "ನಮ್ಮ ಸಂಘಕ್ಕೆ ಮುಂದಿನ ವರ್ಷ ಎಪ್ಪತ್ತೈದು ತುಂಬುತ್ತೆ, ಒಂದು ಪುಸ್ತಕ ತರಬೇಕು ಅಂತ ತೀರ್ಮಾನ ಆಗಿದೆ, ನೀವು ಬರೆದುಕೊಡ್ತೀರಲ್ವಾ? ಜಾಸ್ತಿ ಕೆಲಸ ಏನಿಲ್ಲ, ಮಾಹಿತಿ ಎಲ್ಲಾ ರೆಡಿ ಇದೆ." ಈ ಕೊನೆಯ ಮಾತನ್ನು ನಂಬಬೇಡಿ. ರೆಡಿ ಇರುವುದು ಒಂದು ಕಬ್ಬಿಣದ ಬೀರು. ಅದರ ಕೀಲಿ ಹಳೇ ಕಾರ್ಯದರ್ಶಿ ಹತ್ತಿರ. ಅವರು ಬೆಂಗಳೂರಿಗೆ ಮಗಳ ಮನೆಗೆ ಹೋಗಿದ್ದಾರೆ.

ಕೊಡಗಿನಲ್ಲಿ ಈ ಕೆಲಸ ಮಾಡುತ್ತಾ ನನಗೆ ಹಲವು ವರ್ಷ ಆಯ್ತು. ಪತ್ತಿನ ಸಂಘ, ಶಾಲೆ, ದೇವಸ್ಥಾನದ ಸಮಿತಿ, ಕ್ಲಬ್ಬು, ಒಮ್ಮೆ ಒಂದು ಎಸ್ಟೇಟು. ಹೊಸದಾಗಿ ಇದಕ್ಕೆ ಇಳಿಯುವವರು ಎಲ್ಲಿಂದ ಶುರು ಮಾಡೋದು, ಎಷ್ಟು ದುಡ್ಡು ಕೇಳೋದು ಅಂತ ಆಗಾಗ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಇಂಥ ಪುಸ್ತಕವನ್ನು ಯಾರೂ ಮೊದಲ ಪುಟದಿಂದ ಓದುವುದಿಲ್ಲ. ಬಿಡುಗಡೆ ದಿನ ಊಟದ ಸಾಲಿನಲ್ಲಿ ನಿಂತವರ ಕೈಗೆ ಪುಸ್ತಕ ಸಿಕ್ಕಿದಾಗ ಅವರು ಏನು ಮಾಡುತ್ತಾರೆ ಅಂತ ಒಮ್ಮೆ ನೋಡಿ. ಹಿಂದಿನಿಂದ ತಿರುವಿಕೊಂಡು ಬಂದು ಫೋಟೋ ಪುಟದಲ್ಲಿ ನಿಲ್ಲುತ್ತಾರೆ, ಅಜ್ಜ ಎಲ್ಲಿ ಅಂತ ಹುಡುಕುತ್ತಾರೆ, ಕೆಳಗೆ ಹೆಸರು ಸರಿ ಇದೆಯಾ ನೋಡುತ್ತಾರೆ. ಸರಿ ಇದ್ದರೆ ಪುಸ್ತಕ ಮನೆಗೆ ಹೋಗುತ್ತದೆ, ಯಾವತ್ತೋ ಮಳೆಗಾಲದಲ್ಲಿ ಕರೆಂಟು ಇಲ್ಲದ ಮಧ್ಯಾಹ್ನ ಉಳಿದದ್ದನ್ನೂ ಓದುತ್ತಾರೆ. ತಪ್ಪಿದ್ದರೆ ಆ ಮನೆಯವರಿಗೆ ಇಡೀ ಪುಸ್ತಕವೇ ಸುಳ್ಳು. ದುಡ್ಡು ಕೊಡುವುದು ಕಮಿಟಿ, ಓದುವುದು ಇವರು. ನಾನು ಮುಂದೆ ಹೇಳುವುದೆಲ್ಲ ಈ ಒಂದು ವಿಷಯದ ಸುತ್ತಲೇ ತಿರುಗುತ್ತದೆ.

ಒಪ್ಪಿಕೊಳ್ಳುವ ಮೊದಲು

ಮೂರು ತಿಂಗಳಲ್ಲಿ ಆಗುತ್ತಾ ಅಂದರೆ ಆಗಲ್ಲ ಅನ್ನಿ. ಸುಮ್ನೆ ಮುಲಾಜಿಗೆ ಬಿದ್ದು ಹೂಂ ಅಂದರೆ ಹಳೇ ವಾರ್ಷಿಕ ವರದಿಗಳನ್ನು ಒಂದರ ಕೆಳಗೆ ಒಂದು ಅಂಟಿಸಿ ಕೊಡಬೇಕಾಗುತ್ತದೆ, ಅದಕ್ಕೆ ಬರಹಗಾರ ಯಾಕೆ ಬೇಕು? ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಬೇಕು ಅನ್ನುವುದು ನನ್ನ ಲೆಕ್ಕ. ಕಾರಣ ಇದೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಕಾಫಿ ಕುಯ್ಲು, ಆಗ ಯಾರ ಮನೆಗೆ ಹೋದರೂ ಕಣದಲ್ಲಿ ಇರುತ್ತಾರೆ, ನಿಂತುಕೊಂಡೇ ಮಾತಾಡಿ ಕಳಿಸುತ್ತಾರೆ. ಏಪ್ರಿಲ್, ಮೇ ಮದುವೆಗಳು. ಜೂನ್ ತಿಂಗಳು ಮಳೆ ಹಿಡಿದ ಮೇಲೆ ಹಿರಿಯರು ಮನೆಯೊಳಗೆ ಕೂತಿರುತ್ತಾರೆ, ಅವರಿಗೂ ಮಾತಿಗೆ ಜನ ಬೇಕಾಗಿರುತ್ತದೆ. ಆಗ ಹೋಗಿ. ಫೋನ್ ಪೂರ್ತಿ ಚಾರ್ಜ್ ಮಾಡಿಕೊಂಡು ಹೋಗಿ, ಪವರ್ ಬ್ಯಾಂಕ್ ಕೂಡ ಇರಲಿ. ಕರೆಂಟು ಹೋದರೆ ಎಷ್ಟು ದಿನಕ್ಕೆ ಬರುತ್ತದೋ ಹೇಳುವ ಹಾಗಿಲ್ಲ.

ಸಂಭಾವನೆ ಪುಟದ ಲೆಕ್ಕದಲ್ಲಿ ಕೇಳಬೇಡಿ. ನಾನು ಮೊದಲೆರಡು ಪುಸ್ತಕಕ್ಕೆ ಹಾಗೆ ಮಾಡಿ ಕೈ ಸುಟ್ಟುಕೊಂಡೆ. ಒಂದು ಪುಟದ ಪಟ್ಟಿ ಸರಿ ಮಾಡಲು ನಾಲ್ಕು ಊರು ಸುತ್ತಿರುತ್ತೀರಿ, ಆದರೆ ಅದು ಒಂದೇ ಪುಟ. ಓಡಾಟಕ್ಕೆ ಎಷ್ಟು ದಿನ, ದಾಖಲೆ ಓದಲು ಎಷ್ಟು, ಬರೆಯಲು ಎಷ್ಟು, ಪ್ರೂಫಿಗೆ ಎಷ್ಟು ಅಂತ ದಿನ ಎಣಿಸಿ ಒಟ್ಟು ಮೊತ್ತ ಹೇಳಿ. ನಾನು ಒಪ್ಪಂದದ ದಿನ ನೂರಕ್ಕೆ ನಲವತ್ತು, ಕರಡು ಕೊಟ್ಟ ದಿನ ನಲವತ್ತು, ಪ್ರೆಸ್ಸಿಗೆ ಹೋಗುವ ಮೊದಲು ಇಪ್ಪತ್ತು ತೆಗೆದುಕೊಳ್ಳುತ್ತೇನೆ. ಆ ಕೊನೆಯ ಇಪ್ಪತ್ತನ್ನು ಬಿಡುಗಡೆ ಆದಮೇಲೆ ಕೊಡ್ತೀವಿ ಅಂದರೆ ಒಪ್ಪಬೇಡಿ, ಕಾರ್ಯಕ್ರಮದ ಪೆಂಡಾಲು ಮತ್ತು ಊಟದ ಬಿಲ್ಲು ಯಾವಾಗಲೂ ನಿಮ್ಮ ಬಿಲ್ಲಿಗಿಂತ ಮುಂದೆ ನಿಂತಿರುತ್ತದೆ. ವೃತ್ತಿಪರ ಶುಲ್ಕ ಅಂತ ಸಾಮಾನ್ಯವಾಗಿ ಶೇ. 10 ಟಿಡಿಎಸ್ (ಮೂಲದಲ್ಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ, ಅದಕ್ಕೆ ಪ್ಯಾನ್ ನಂಬರು ಮೊದಲೇ ಕೊಟ್ಟಿಡಿ. ಟೈಪಿಂಗ್, ಡಿಟಿಪಿ, ಸ್ಕ್ಯಾನಿಂಗ್, ಪೆಟ್ರೋಲು ಯಾರ ಖರ್ಚು ಅಂತಲೂ ಬರೆದುಕೊಳ್ಳಿ.

ಒಪ್ಪಂದ ಎರಡು ಪುಟ ಸಾಕು, ಆದರೆ ಸಹಿ ಇರಬೇಕು. ಅದರಲ್ಲಿ ಮುಖ್ಯವಾದ ಒಂದು ಸಾಲು: ಕರಡನ್ನು ಓದಿ ಅಭಿಪ್ರಾಯ ಹೇಳುವವರು ಇಂಥ ಮೂರು ಜನ, ಅವರೆಲ್ಲರ ತಿದ್ದುಪಡಿ ಒಂದೇ ಪ್ರತಿಯ ಮೇಲೆ, ಹದಿನೈದು ದಿನದೊಳಗೆ. ಈ ಸಾಲು ಇಲ್ಲದಿದ್ದರೆ ಹನ್ನೊಂದು ನಿರ್ದೇಶಕರು ಹನ್ನೊಂದು ವಾಟ್ಸಾಪ್ ಮೆಸೇಜು ಕಳಿಸುತ್ತಾರೆ, ಅದರಲ್ಲಿ ಎರಡು ಒಂದಕ್ಕೊಂದು ವಿರುದ್ಧ ಇರುತ್ತವೆ, ಎರಡರಲ್ಲಿ ಯಾವುದನ್ನು ತೆಗೆದುಕೊಂಡರೂ ಇನ್ನೊಬ್ಬರು ನಿಮ್ಮ ಮೇಲೆ ಮುನಿಸು.

ನನಗೆ ಈ ಪಾಠ ಹೇಳಿಕೊಟ್ಟಿದ್ದು ಒಂದು ಸಂಘ, ಹೆಸರು ಬೇಡ. ಅರ್ಧ ಕೆಲಸ ಮುಗಿದಿತ್ತು, ಚುನಾವಣೆ ಬಂತು, ಆಡಳಿತ ಮಂಡಳಿ ಬದಲಾಯಿತು. ಹೊಸಬರು ಕರೆಸಿ, ಹಿಂದಿನ ಅಧ್ಯಕ್ಷರ ಅಧ್ಯಾಯ ಸ್ವಲ್ಪ ಉದ್ದ ಆಯ್ತಲ್ಲ, ಫೋಟೋನೂ ದೊಡ್ಡದಾಯ್ತಲ್ಲ ಅಂದರು. ಒಪ್ಪಂದದ ಕಾಗದ ಇರಲಿಲ್ಲ, ಬರೀ ಬಾಯಿಮಾತು. ಆ ಪುಸ್ತಕ ಬಂತು, ಆದರೆ ನಾನು ಅದರಲ್ಲಿ ನನ್ನ ಹೆಸರು ಹಾಕಿಸಲಿಲ್ಲ. ಸಹಕಾರ ಸಂಘಗಳ ಆಡಳಿತ ಮಂಡಳಿಗೆ ಐದು ವರ್ಷದ ಅವಧಿ. ಚುನಾವಣೆ ಯಾವಾಗ ಅಂತ ಮೊದಲ ದಿನವೇ ಕೇಳಿಬಿಡಿ, ಕೇಳಲು ನಾಚಿಕೆ ಬೇಡ.

ಬರಹದ ಹಕ್ಕಿನ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಸಂಘದವರಿಗೂ ಗೊತ್ತಿರುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹೊರಗಿನವರೊಬ್ಬರು ದುಡ್ಡು ತೆಗೆದುಕೊಂಡು ಬರೆದರೂ ಬರಹದ ಮೊದಲ ಹಕ್ಕು ಬರೆದವರದ್ದೇ. ಸಂಬಳದ ನೌಕರನಾಗಿ ಬರೆದಿದ್ದರೆ ಕಥೆ ಬೇರೆ, ಅದು ಕೆಲಸ ಕೊಟ್ಟವರದ್ದು. ಸರ್ಕಾರಿ ಇಲಾಖೆಗೆ ಬರೆದರೂ ಲೆಕ್ಕ ಬೇರೆ. ಹಕ್ಕನ್ನು ವರ್ಗಾಯಿಸಬೇಕಾದರೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಆಗಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ ಕಾನೂನೇ ಇಟ್ಟುಕೊಳ್ಳುತ್ತದೆ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ನಾನು ಸಾಮಾನ್ಯವಾಗಿ ಈ ಪುಸ್ತಕ ಮತ್ತು ಇದರ ಮರುಮುದ್ರಣದ ಹಕ್ಕನ್ನು ಸಂಘಕ್ಕೆ ಬಿಟ್ಟುಕೊಡುತ್ತೇನೆ. ನನ್ನ ಟಿಪ್ಪಣಿಗಳನ್ನು ಬೇರೆ ಬರಹಕ್ಕೆ ಬಳಸುವ ಹಕ್ಕು ಇಟ್ಟುಕೊಳ್ಳುತ್ತೇನೆ. ಜಗಳ ಮಾಡಿ ಕೇಳುವ ಸಂಗತಿ ಅಲ್ಲ, ಮೊದಲೇ ಬರೆದಿಟ್ಟರೆ ಯಾರೂ ಬೇಡ ಅನ್ನುವುದಿಲ್ಲ.

ಬೀರು ತೆರೆದ ಮೇಲೆ

ಕೀಲಿ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಮೊದಲು ನಡಾವಳಿ ಪುಸ್ತಕ, ಅಂದರೆ ಸಭೆಗಳಲ್ಲಿ ನಡೆದದ್ದನ್ನು ಬರೆದಿಟ್ಟ ಪುಸ್ತಕ. ವಾರ್ಷಿಕ ವರದಿ ನಂತರ, ಹಳೇ ಸ್ಮರಣ ಸಂಚಿಕೆ ಎಲ್ಲಕ್ಕಿಂತ ಕೊನೆಗೆ. ಸ್ಮರಣ ಸಂಚಿಕೆಯನ್ನು ಮೊದಲು ಓದಿದರೆ ಅದರಲ್ಲಿದ್ದ ತಪ್ಪು ತಲೆಯಲ್ಲಿ ಕೂತುಬಿಡುತ್ತದೆ, ಆಮೇಲೆ ನಡಾವಳಿಯಲ್ಲಿ ಬೇರೆ ಬರೆದಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಬೆಳ್ಳಿ ಹಬ್ಬದ ಸಂಚಿಕೆಯ ತಪ್ಪು ಚಿನ್ನದ ಹಬ್ಬಕ್ಕೆ, ಅಲ್ಲಿಂದ ವಜ್ರ ಮಹೋತ್ಸವಕ್ಕೆ ಹಾಗೇ ನಡೆದುಕೊಂಡು ಬಂದಿರುವುದನ್ನು ನಾನೇ ನೋಡಿದ್ದೇನೆ.

ನಡಾವಳಿ ಓದುವುದು ಬೇಸರದ ಕೆಲಸ ಅನಿಸಬಹುದು. ನನಗೆ ಅದೇ ಇಷ್ಟ. ಯಾರು ಸಭೆಗೆ ಬಂದರು, ಯಾರು ಬರಲಿಲ್ಲ, ಯಾವ ವಿಷಯ ಮೂರು ಸಭೆ ಮುಂದೂಡಿದರು, ಯಾರ ಸಹಿ ಇದ್ದಕ್ಕಿದ್ದಂತೆ ನಿಂತುಹೋಯಿತು. ಕೈಬರಹ ಬದಲಾದ ಕಡೆ ಕಾರ್ಯದರ್ಶಿ ಬದಲಾಗಿದ್ದಾರೆ ಅಂತ ಅರ್ಥ. ಕೆಲವು ಹಳೇ ಪುಸ್ತಕಗಳು ಇಂಗ್ಲಿಷಿನಲ್ಲಿ ಶುರುವಾಗಿ ಮಧ್ಯದಲ್ಲಿ ಕನ್ನಡಕ್ಕೆ ತಿರುಗುತ್ತವೆ, ಆ ತಿರುವು ಯಾವ ವರ್ಷ ಅಂತ ಗುರುತು ಹಾಕಿಕೊಳ್ಳಿ, ಅದೇ ಒಂದು ಒಳ್ಳೆಯ ಪ್ಯಾರಾ ಆಗುತ್ತದೆ. ಅದರ ಜೊತೆಗೆ ಸದಸ್ಯರ ರಿಜಿಸ್ಟರ್, ಬೈಲಾ, ಆಡಿಟ್ ವರದಿ ಕೇಳಿ. ಆಡಿಟ್ ವರ್ಗ 'ಎ' ಇಂದ 'ಸಿ'ಗೆ ಇಳಿದ ವರ್ಷ ಏನೋ ಆಗಿದೆ. ಏನು ಅಂತ ಯಾರೂ ತಾವಾಗಿ ಹೇಳುವುದಿಲ್ಲ, ನೀವು ಕೇಳಬೇಕು.

ನಮ್ಮ ಊರಿನ ತೇವ ಕಾಗದಕ್ಕೆ ಶತ್ರು. ಪುಟಗಳು ಅಂಟಿಕೊಂಡಿದ್ದರೆ ಎಳೆದು ಬಿಡಿಸಬೇಡಿ. ಹರಿದದ್ದಕ್ಕೆ ಸೆಲೋಟೇಪ್ ಹಾಕಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಕಿಟಕಿ ಪಕ್ಕ ಮೇಜು ಹಾಕಿಕೊಂಡು ಫೋನಿನಲ್ಲೇ ಪುಟಪುಟವಾಗಿ ಫೋಟೋ ತೆಗೆಯಿರಿ, ಫ್ಲ್ಯಾಶ್ ಬೇಡ, ಪುಟ ಸಂಖ್ಯೆ ಕಾಣಬೇಕು. ಒಂದು ಪ್ರತಿ ನಿಮ್ಮ ಹತ್ತಿರ, ಒಂದು ಸಂಘಕ್ಕೆ, ಒಂದು ಜಿಲ್ಲೆಯ ಹೊರಗೆ ಎಲ್ಲಾದರೂ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಮನೆಗಳ ಜೊತೆ ಎಷ್ಟು ಕಾಗದ ಮಣ್ಣಾಯಿತು ಅಂತ ಲೆಕ್ಕ ಇಟ್ಟವರಿಲ್ಲ. ಪುಸ್ತಕ ಬರೆಯದೆ ಬರೀ ಇಷ್ಟು ಮಾಡಿಕೊಟ್ಟರೂ ಸಂಘಕ್ಕೆ ಕೊಟ್ಟ ದುಡ್ಡು ಬಂದ ಹಾಗೆ.

ಸ್ವಾತಂತ್ರ್ಯಕ್ಕೆ ಮೊದಲಿನ ಸರ್ಕಾರಿ ಕಾಗದ ಬೇಕಾದರೆ ಮಡಿಕೇರಿಯಲ್ಲಿ ಮಾತ್ರ ಹುಡುಕಿ ನಿಲ್ಲಿಸಬೇಡಿ. 1881ರಿಂದ 1940ರವರೆಗೆ ಕೊಡಗಿನ ಚೀಫ್ ಕಮಿಷನರ್ ಆಗಿದ್ದವರು ಬೆಂಗಳೂರಿನಲ್ಲಿ ಕೂತಿದ್ದ ಮೈಸೂರಿನ ರೆಸಿಡೆಂಟ್ (ಮೈಸೂರು ಸಂಸ್ಥಾನಕ್ಕೆ ಬ್ರಿಟಿಷರ ಪ್ರತಿನಿಧಿ), ಹಾಗಾಗಿ ಕಡತಗಳು ಅಲ್ಲೂ ಇಲ್ಲೂ ಹರಡಿಹೋಗಿವೆ. ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಒಂದು ಸಲ ಹೋಗಿಬನ್ನಿ. ಹಳೇ ಕಾಗದದಲ್ಲಿ ಮಡಿಕೇರಿ 'ಮರ್ಕೆರಾ', ಕುಶಾಲನಗರ 'ಫ್ರೇಸರ್‌ಪೇಟ್'. ಹುಡುಕುವಾಗ ಎರಡೂ ಹೆಸರಿನಲ್ಲಿ ಹುಡುಕಿ. ಮಿಷನ್ನಿನವರು ನಡೆಸಿದ ಶಾಲೆಯ ಚರಿತ್ರೆ ಆದರೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಬಾಸೆಲ್ ಮಿಷನ್ ಸಂಗ್ರಹದಲ್ಲಿ ಒಳ್ಳೆಯ ಹಳೇ ಫೋಟೋಗಳಿವೆ. ಮಡಿಕೇರಿಯ 'ಶಕ್ತಿ' ಪತ್ರಿಕೆಯ ಹಳೇ ಸಂಚಿಕೆಗಳನ್ನಂತೂ ಬಿಡಲೇಬೇಡಿ.

ಇಸವಿಯಲ್ಲಿ ಬೀಳುವ ಗುಂಡಿಗಳು

ಸ್ಥಾಪನೆ ಯಾವ ವರ್ಷ? ಇದಕ್ಕೆ ಒಂದೇ ಉತ್ತರ ಇರುವ ಸಂಸ್ಥೆ ನನಗೆ ಇನ್ನೂ ಸಿಕ್ಕಿಲ್ಲ. ನಾಲ್ಕು ಜನ ಕೂತು ಮಾತಾಡಿದ್ದು ಒಂದು ವರ್ಷ, ನೋಂದಣಿ ಆಗಿದ್ದು ಇನ್ನೊಂದು, ಕಟ್ಟಡಕ್ಕೆ ಕಲ್ಲು ಹಾಕಿದ್ದು ಮತ್ತೊಂದು. ಬೋರ್ಡಿನ ಮೇಲೆ ಪೇಂಟರ್ ಬರೆದದ್ದು ನಾಲ್ಕನೆಯದು. ಎಲ್ಲವನ್ನೂ ಪುಸ್ತಕದಲ್ಲಿ ಬರೆಯಿರಿ, ಯಾವುದನ್ನು ಸ್ಥಾಪನೆ ಅಂತ ಹಿಡಿದಿದ್ದೀರಿ ಅಂತಲೂ ಹೇಳಿ. ದೇಶದಲ್ಲಿ ಸಹಕಾರ ಸಂಘಗಳಿಗೆ ಕಾನೂನು ಬಂದಿದ್ದು 1904ರಲ್ಲಿ, ಗದಗ ಹತ್ತಿರದ ಕಣಗಿನಹಾಳದ ಸಂಘ ಶುರುವಾಗಿದ್ದು 1905ರಲ್ಲಿ. ಯಾರಾದರೂ ನಮ್ಮ ಸಂಘ 1901ರಲ್ಲಿ ನೋಂದಣಿ ಆಗಿದೆ ಅಂದರೆ ನಗದೆ, ಆ ಸರ್ಟಿಫಿಕೇಟು ಒಮ್ಮೆ ನೋಡಬಹುದಾ ಅಂತ ಕೇಳಿ.

ಇನ್ನೊಂದು ತಪ್ಪು ಬಹಳ ಕಡೆ ನೋಡಿದ್ದೇನೆ, ಕೊಡಗಿನಲ್ಲೇ ಹುಟ್ಟಿದವರೂ ಮಾಡುತ್ತಾರೆ. 1953ರ ಒಂದು ಅನುದಾನವನ್ನು 'ಮೈಸೂರು ಸರ್ಕಾರ ಮಂಜೂರು ಮಾಡಿತು' ಅಂತ ಬರೆಯುವುದು. ಆಗ ಕೊಡಗು ಬೇರೆಯೇ ರಾಜ್ಯ. 1952ರಿಂದ 1956ರವರೆಗೆ ಇಲ್ಲಿ ನಮ್ಮದೇ ಚುನಾಯಿತ ಸರ್ಕಾರ ಇತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದ್ದು, ಆ ರಾಜ್ಯ ಕರ್ನಾಟಕ ಆಗಿದ್ದು 1973ರಲ್ಲಿ. ಹಾಗಾಗಿ 1960ರ ಕಥೆಯಲ್ಲಿ 'ಕರ್ನಾಟಕ ಸರ್ಕಾರ' ಬಂದರೆ ಅದೂ ತಪ್ಪು. ದುಡ್ಡಿನ ಲೆಕ್ಕವೂ ಹಾಗೇ. 1957ರ ಏಪ್ರಿಲ್‌ಗೆ ಮೊದಲು ರೂಪಾಯಿ, ಆಣೆ, ಪೈ. ಅದನ್ನು ಈಗಿನ ಪೈಸೆಗೆ ಬದಲಾಯಿಸಲು ಹೋಗಬೇಡಿ. ಭತ್ತ ಅಳೆಯುತ್ತಿದ್ದ ಬಟ್ಟಿ ಅನ್ನುವ ಹಳೇ ಅಳತೆಯ ಲೆಕ್ಕವನ್ನೂ ಬಟ್ಟಿಯಲ್ಲೇ ಬಿಡಿ. ಓದುವ ಅಜ್ಜನಿಗೆ ಗೊತ್ತು, ಮೊಮ್ಮಗ ಅಜ್ಜನನ್ನು ಕೇಳಲಿ.

ಅಂಕಿಗಳ ಹಿಂದೆ ಕಾಫಿ ಇರುತ್ತದೆ ಅನ್ನುವುದನ್ನು ಮರೆಯಬೇಡಿ. ಒಂದು ಪತ್ತಿನ ಸಂಘದ ಠೇವಣಿ 1990ರ ದಶಕದ ನಡುವೆ ಏಕಾಏಕಿ ಜಿಗಿದಿತ್ತು, 'ಅಧ್ಯಕ್ಷರ ದೂರದೃಷ್ಟಿಯ ಫಲ' ಅಂತ ಹಳೇ ಸಂಚಿಕೆಯಲ್ಲಿ ಬರೆದಿದ್ದರು. ಅಧ್ಯಕ್ಷರು ಒಳ್ಳೆಯವರೇ ಇರಬಹುದು. ಆದರೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಗಿಡಗಳು ಸುಟ್ಟುಹೋದವು, ಪ್ರಪಂಚದಲ್ಲೆಲ್ಲ ಬೆಲೆ ಏರಿತು. ಅದೇ ಹೊತ್ತಿಗೆ ಇಲ್ಲಿ ಕಾಫಿ ಬೋರ್ಡಿನ ಪೂಲಿಂಗ್ ಪದ್ಧತಿ ಸಡಿಲ ಆಗುತ್ತಿತ್ತು. ಅದಕ್ಕೆ ಮೊದಲು ಬೆಳೆಗಾರ ತನ್ನ ಕಾಫಿಯನ್ನು ಬೋರ್ಡಿಗೆ ಕೊಟ್ಟು ಕಂತಿನಲ್ಲಿ ಹಣಕ್ಕೆ ಕಾಯಬೇಕಿತ್ತು, ಈಗ ತಾನೇ ಮಾರಿ ಕೈಗೆ ಹಣ ತೆಗೆದುಕೊಳ್ಳಬಹುದಾಯಿತು. ಆ ಹಣದಲ್ಲಿ ಸ್ವಲ್ಪ ಸಂಘಕ್ಕೆ ಬಂತು. ಇದನ್ನು ಬರೆದರೆ ಅಧ್ಯಕ್ಷರಿಗೆ ಅವಮಾನ ಆಗುವುದಿಲ್ಲ, ಬಂದ ಹಣವನ್ನು ಅವರು ಹೇಗೆ ಉಳಿಸಿಕೊಂಡರು ಅಂತ ಬರೆಯಲು ಜಾಗ ಸಿಗುತ್ತದೆ.

ಹಾಂ, ಮೊದಲ ಅಧ್ಯಾಯದ ರೋಗ ಒಂದಿದೆ. 1930ರ ದಶಕದ ಸಂಘಕ್ಕೆ ಕಾವೇರಿ ಪುರಾಣದಿಂದ ಶುರು ಮಾಡಿ, ಹಾಲೇರಿ ಅರಸರನ್ನು ದಾಟಿ, 1834ರಲ್ಲಿ ಬ್ರಿಟಿಷರು ಬಂದು, ನಲವತ್ತನೇ ಪುಟಕ್ಕೆ ಸಂಘ ಹುಟ್ಟುತ್ತದೆ. ಅಷ್ಟು ಹೊತ್ತಿಗೆ ಓದುವವರು ಎದ್ದು ಹೋಗಿರುತ್ತಾರೆ. ಎರಡು ಪುಟ ಸಾಕು. ಆ ಊರಿಗೆ ರಸ್ತೆ ಯಾವಾಗ ಬಂತು, ಬಸ್ಸು ಯಾವಾಗ, ಸಂತೆ ಯಾವ ದಿನ, ಸಾಲ ಬೇಕಾದರೆ ಮೊದಲು ಯಾರ ಅಂಗಡಿಗೆ ಹೋಗುತ್ತಿದ್ದರು, ಇಷ್ಟು ಹೇಳಿ ಸಂಘದ ಬಾಗಿಲಿಗೆ ಬಂದುಬಿಡಿ.

ಹೆಸರು, ಹೆಸರು, ಹೆಸರು

ಈಗ ನಿಜವಾದ ಕೆಲಸ. ಕೊಡವರ ಹೆಸರಿನಲ್ಲಿ ಮನೆ ಹೆಸರು ಮುಂದೆ ಬರುತ್ತದೆ, ಆಮೇಲೆ ಅಪ್ಪನ ಹೆಸರು, ಕೊನೆಗೆ ಸ್ವಂತ ಹೆಸರು. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಅಂದರೆ ಕೊಡಂದೇರ ಮಾದಪ್ಪ ಕಾರ್ಯಪ್ಪ. ಜನರಲ್ ಕೆ.ಎಸ್. ತಿಮ್ಮಯ್ಯ ಅವರ 'ಕೆ' ಕೂಡ ಕೊಡಂದೇರವೇ. ಆದರೆ ಎಲ್ಲ 'ಕೆ'ಯೂ ಕೊಡಂದೇರ ಅಲ್ಲ. ನಡಾವಳಿಯಲ್ಲಿ ಇನಿಷಿಯಲ್ ಮಾತ್ರ ಇರುತ್ತದೆ, 'ಕೆ' ಇಂದ ಶುರುವಾಗುವ ಮನೆಗಳು ಎಷ್ಟಿವೆ ನಿಮಗೇ ಗೊತ್ತು. ಪೂವಯ್ಯ, ಬೆಳ್ಯಪ್ಪ, ಸುಬ್ಬಯ್ಯ ಅನ್ನುವ ಹೆಸರು ಊರಿಗೆ ನಾಲ್ಕು. ಅದಕ್ಕೆ ಸದಸ್ಯರ ರಿಜಿಸ್ಟರ್ ತೆಗೆದು, ಊರು ಮತ್ತು ಅಪ್ಪನ ಹೆಸರು ಹೊಂದಿಸಿ, ಮನೆ ಹೆಸರನ್ನು ಪೂರ್ತಿ ಬರೆದು, ಆ ಮನೆಯವರಿಗೆ ಫೋನು ಮಾಡಿ ಕೇಳಿ. ಅರೆಭಾಷೆ ಗೌಡರಿಗೂ ಮನೆ ಹೆಸರಿದೆ, ಅದನ್ನೂ ಇಷ್ಟೇ ಜೋಪಾನವಾಗಿ ಬರೆಯಬೇಕು.

ಕಾಗುಣಿತ ಇನ್ನೊಂದು ತಲೆನೋವು. ಕೊಡವರ ಭಾಷೆಯಾದ ಕೊಡವ ತಕ್ಕ್‌ನ ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಸರಿಯಾದ ಅಕ್ಷರವೇ ಇಲ್ಲ. ದೀರ್ಘ ಹಾಕಬೇಕಾ, 'ಇ'ನಾ 'ಎ'ನಾ ಅಂತ ನಾವು ಕೂತು ತೀರ್ಮಾನ ಮಾಡುವ ಹಾಗಿಲ್ಲ. ಐನ್‌ಮನೆಯ (ಕುಟುಂಬದ ಮೂಲ ಮನೆಯ) ಬೋರ್ಡಿನಲ್ಲಿ ಹೇಗಿದೆ, ಅವರ ಮದುವೆ ಕಾಗದದಲ್ಲಿ ಹೇಗೆ ಅಚ್ಚು ಹಾಕಿಸುತ್ತಾರೆ, ಅದೇ ಸರಿ.

ಹೆಂಗಸರ ಹೆಸರು ಹಳೇ ರಿಜಿಸ್ಟರುಗಳಲ್ಲಿ 'ಇಂಥವರ ಪತ್ನಿ' ಅಂತ ಮುಗಿದುಹೋಗಿರುತ್ತದೆ. ಮೊದಲ ಮಹಿಳಾ ಸದಸ್ಯೆ ಯಾರು ಅಂತ ಹುಡುಕಲು ನಾನು ಒಮ್ಮೆ ಆರು ವಾರ ಓಡಾಡಿದ್ದೇನೆ, ಕೊನೆಗೆ ಅವರ ತಾಮನೆಯಲ್ಲಿ, ಅಂದರೆ ತವರಿನಲ್ಲಿ, ಹೆಸರು ಸಿಕ್ಕಿತು. ಎಸ್ಟೇಟಿನ ಚರಿತ್ರೆ ಆದರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಮ್ಯಾನೇಜರುಗಳ ಪಟ್ಟಿ ಫ್ರೇಮು ಹಾಕಿ ಗೋಡೆಗೆ ತೂಗುಹಾಕಿರುತ್ತಾರೆ. ಲೈನ್ ಮನೆಗಳಲ್ಲಿ ಇದ್ದ ತೋಟದ ಕಾರ್ಮಿಕರು ವರದಿಗಳಲ್ಲಿ ಬರೀ 'ಇಷ್ಟು ಆಳು'. ಹಳೇ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಉಳಿದಿದ್ದರೆ ಅದರಲ್ಲಿ ಅವರ ಹೆಸರು ಸಿಗುತ್ತದೆ. ತೋಟದ ಲೆಕ್ಕ ಬರೆಯುತ್ತಿದ್ದ ನಿವೃತ್ತ ರೈಟರು ಸಿಕ್ಕಿದರೆ ಅವರನ್ನು ಬಿಡಬೇಡಿ, ಯಾವ ಮೇಸ್ತ್ರಿ ಯಾವ ಊರಿನಿಂದ ಜನ ಕರೆತಂದ, ಯಾರು ಎಷ್ಟು ವರ್ಷ ಇದ್ದರು, ಅವರಿಗೆ ಬಾಯಿಪಾಠ. ಕಂಪನಿಯವರು ಇದೆಲ್ಲ ಯಾಕೆ ಅನ್ನಬಹುದು. ಅರವತ್ತು ವರ್ಷ ಕಾಫಿ ಕುಯ್ದವರ ಹೆಸರಿಲ್ಲದ ತೋಟದ ಚರಿತ್ರೆಗೆ ನಾನು ಕೈ ಹಾಕುವುದಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿಯವರೆಗೆ ಒಬ್ಬರೂ ಬೇಡ ಅಂದಿಲ್ಲ.

ಗುಂಪು ಫೋಟೋ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಾನು ಬಿದ್ದಿದ್ದು ಅಲ್ಲೇ. ಒಂದು ಸಂಸ್ಥೆಯ ಅರವತ್ತರ ದಶಕದ ಹಾಕಿ ತಂಡದ ಫೋಟೋ, 'ನಿಂತವರು ಎಡದಿಂದ ಬಲಕ್ಕೆ' ಅಂತ ಆಫೀಸಿನಲ್ಲಿ ಹೇಳಿದ ಹಾಗೇ ಬರೆದುಕೊಂಡೆ. ಇಬ್ಬರ ಹೆಸರು ಅದಲುಬದಲಾಗಿತ್ತು. ಹೇಳಿದವರು ಫೋಟೋವನ್ನು ಬಲದಿಂದ ಓದಿದ್ದರು. ಐನೂರು ಪ್ರತಿ ಅಚ್ಚಾಗಿತ್ತು, ಬಿಡುಗಡೆಗೆ ಎರಡು ದಿನ. ಸಂಘದ ಗೋಡೌನಿನಲ್ಲಿ ಗೊಬ್ಬರದ ಚೀಲಗಳ ಮಧ್ಯೆ ಕೂತು ಮೂರು ಜನ ಐನೂರು ಪ್ರತಿಗೂ ಚೀಟಿ ಅಂಟಿಸಿದೆವು. ಯೂರಿಯಾ ವಾಸನೆ ಬಂದರೆ ಇವತ್ತಿಗೂ ನನಗೆ ಆ ಫೋಟೋ ನೆನಪಾಗುತ್ತದೆ.

ಈಗ ನಾನು ಮಾಡುವುದು ಹೀಗೆ. ಫೋಟೋವನ್ನು ಎ4 ಹಾಳೆಯಲ್ಲಿ ದೊಡ್ಡದಾಗಿ ತೆಗೆಸಿ ಪ್ರತಿ ಮುಖಕ್ಕೂ ಒಂದು ನಂಬರು ಹಾಕುತ್ತೇನೆ. ಮೂರು ಬೇರೆ ಬೇರೆ ಮನೆಗೆ ತೆಗೆದುಕೊಂಡು ಹೋಗುತ್ತೇನೆ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. ಇಬ್ಬರು ಒಂದೇ ಹೆಸರು ಹೇಳಿದರೆ ಬರೆಯುತ್ತೇನೆ. ಇಲ್ಲದಿದ್ದರೆ 'ಗುರುತು ಸಿಕ್ಕಿಲ್ಲ'. ಹೆಸರಿನ ಮುಂದೆ 'ದಿ.' ಹಾಕುವ ಮೊದಲು ಇನ್ನೂ ಒಂದು ಸಲ ವಿಚಾರಿಸುತ್ತೇನೆ. ಬದುಕಿರುವವರನ್ನು ದಿವಂಗತ ಮಾಡಿದ ಪುಸ್ತಕ ನನ್ನದಲ್ಲ, ಆದರೆ ನೋಡಿದ್ದೇನೆ, ಅವರು ಬಿಡುಗಡೆ ಸಮಾರಂಭಕ್ಕೇ ಬಂದಿದ್ದರು.

ಹಿರಿಯರ ಮನೆಯಲ್ಲಿ

ಪ್ರಶ್ನೆಪಟ್ಟಿ ಜೇಬಿನಲ್ಲೇ ಇರಲಿ. ಕಾಫಿ ಬರುತ್ತದೆ, ಕುಡಿಯಿರಿ, ಮಳೆ ಎಷ್ಟು ಇಂಚು ಬಂತು ಅಂತ ಕೇಳಿ, ಅವರು ಬರೆದಿಟ್ಟಿರುತ್ತಾರೆ. ಆಮೇಲೆ ಮೆಲ್ಲಗೆ, "ಅಜ್ಜ, ನೀವು ಮೊದಲ ಸಲ ಸಂಘಕ್ಕೆ ಹೋಗಿದ್ದು ಯಾಕೆ?" 'ಸಂಘದ ಬೆಳವಣಿಗೆಯ ಬಗ್ಗೆ ಹೇಳಿ' ಅಂದರೆ ಭಾಷಣ ಶುರುವಾಗುತ್ತದೆ, ಅದು ನಿಮಗೆ ಬೇಡ. ರೆಕಾರ್ಡ್ ಮಾಡುತ್ತೇನೆ ಅಂತ ಕೇಳಿಯೇ ಮಾಡಿ.

ಇಸವಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. "ಚೀನಾ ಯುದ್ಧಕ್ಕೆ ಮೊದಲೋ ಆಮೇಲೋ?" ಅಂದರೆ ತಕ್ಷಣ ಹೇಳುತ್ತಾರೆ. ಇಲ್ಲಿ ಎಷ್ಟೋ ಮನೆಯಲ್ಲಿ ಒಬ್ಬರಾದರೂ ಮಿಲಿಟರಿಯಲ್ಲಿ ಇದ್ದವರು, '65, '71 ಅನ್ನುವುದು ಅವರಿಗೆ ಕ್ಯಾಲೆಂಡರು. ಇನ್ನೊಂದು, ಮಾತು ಮಧ್ಯದಲ್ಲಿ ಕೊಡವ ತಕ್ಕ್‌ಗೆ ಹೊರಳುತ್ತದೆ. ಕೊಡವ ತಕ್ಕ್‌ನಲ್ಲಿ 'ತಾಯಿ' ಅಂದರೆ ಅಜ್ಜಿ, ಅಮ್ಮನಿಗೆ 'ಅವ್ವ'. ರೆಕಾರ್ಡಿಂಗನ್ನು ಹೊರಗಿನವರಿಗೆ ಕೊಟ್ಟು ಟೈಪ್ ಮಾಡಿಸಿದರೆ ಅಜ್ಜಿ ಕೊಟ್ಟ ಜಾಗ ಅಮ್ಮ ಕೊಟ್ಟ ಜಾಗ ಆಗಿಬಿಡುತ್ತದೆ, ಅದು ಪುಸ್ತಕದಲ್ಲಿ ಬಂದರೆ ಆಸ್ತಿ ಜಗಳಕ್ಕೂ ದಾರಿ. ನೀವೇ ಕೇಳಿ ಬರೆದುಕೊಳ್ಳಿ, ಇಲ್ಲಾಂದರೆ ಭಾಷೆ ಗೊತ್ತಿರುವವರಿಂದ ಮಾಡಿಸಿ.

ಯಾರೂ ಹೇಳದ ವರ್ಷಗಳು

ಪ್ರತಿ ಸಂಸ್ಥೆಗೂ ಒಂದು ಕೆಟ್ಟ ಕಾಲ ಇರುತ್ತದೆ. ದುಡ್ಡು ದುರುಪಯೋಗ, ಆಡಳಿತ ಮಂಡಳಿ ಸೂಪರ್‌ಸೀಡ್ ಆಗಿ ಆಡಳಿತಾಧಿಕಾರಿ ಬಂದದ್ದು, ಎರಡು ಬಣ ಆಗಿ ಕೋರ್ಟಿಗೆ ಹೋದದ್ದು. ಅದನ್ನು ಬರೆಯಬೇಡಿ ಅನ್ನುತ್ತಾರೆ. ಬಿಟ್ಟುಬಿಟ್ಟರೆ ಊರಿಗೆಲ್ಲ ಗೊತ್ತಿರುವ ಕಥೆ ಪುಸ್ತಕದಲ್ಲಿ ಇಲ್ಲ ಅಂತಾಗಿ, ಉಳಿದದ್ದನ್ನೂ ಜನ ನಂಬುವುದಿಲ್ಲ. ನಾನು ಹಿಡಿದುಕೊಂಡಿರುವ ದಾರಿ ಇಷ್ಟೆ: ಏನಾಯಿತು ಅಂತ ದಾಖಲೆಯಲ್ಲಿ ಇರುವಷ್ಟು ಮಾತ್ರ, ತಾರೀಖಿನೊಂದಿಗೆ, ಗುಣವಾಚಕ ಇಲ್ಲದೆ. 'ಇಂಥ ದಿನ ಮಂಡಳಿಯನ್ನು ವಜಾ ಮಾಡಿ ಆಡಳಿತಾಧಿಕಾರಿಯನ್ನು ನೇಮಿಸಲಾಯಿತು, ಇಂಥ ದಿನ ಮತ್ತೆ ಚುನಾವಣೆ ನಡೆಯಿತು.' ಆಮೇಲೆ ಸಂಘ ಹೇಗೆ ಮೇಲೆದ್ದಿತು ಅನ್ನುವುದಕ್ಕೆ ಬೇಕಾದಷ್ಟು ಪುಟ ಕೊಡಿ, ಕಮಿಟಿಗೆ ಅಲ್ಲಿ ಸಮಾಧಾನ ಆಗುತ್ತದೆ.

ತೀರ್ಪು ಬಾರದ ಪ್ರಕರಣದಲ್ಲಿ ವ್ಯಕ್ತಿಯ ಹೆಸರು ಬೇಡ. ಸತ್ತವರ ಬಗ್ಗೆ ಏನು ಬರೆದರೂ ಪರವಾಗಿಲ್ಲ ಅಂದುಕೊಳ್ಳಬೇಡಿ. ಸತ್ತವರ ಹೆಸರು ಕೆಡಿಸಿ ಅವರ ಮನೆಯವರನ್ನು ನೋಯಿಸುವ ಉದ್ದೇಶ ಇದ್ದರೆ ಅದೂ ಮಾನನಷ್ಟ ಆಗಬಹುದು. ಹಿಂದೆ ದಂಡ ಸಂಹಿತೆಯ 499ನೇ ಕಲಮಿನಲ್ಲಿದ್ದ ಈ ಮಾತು ಈಗ ಭಾರತೀಯ ನ್ಯಾಯ ಸಂಹಿತೆಯ 356ರಲ್ಲಿದೆ.

ಪ್ರೆಸ್ಸಿಗೆ ಹೋಗುವಾಗ

ಪುಸ್ತಕ ಹದಿನಾರು ಪುಟದ ಫಾರಂ ಲೆಕ್ಕದಲ್ಲಿ ಅಚ್ಚಾಗುತ್ತದೆ. 192 ಅಥವಾ 208 ಪುಟ ಆದರೆ ಸರಿ, 195 ಆದರೆ ಕೊನೆಗೆ ಖಾಲಿ ಹಾಳೆ. ಶುಭಾಶಯ ಸಂದೇಶ ಮತ್ತು ಜಾಹೀರಾತುಗಳನ್ನು ಒಂದು ಬೇರೆ ಫಾರಂಗೆ ಹಾಕಿ, ಅದನ್ನು ಎಲ್ಲಕ್ಕಿಂತ ಕೊನೆಗೆ ಅಚ್ಚು ಮಾಡಿಸಿ. ಮಂತ್ರಿಗಳ ಸಂದೇಶ ಹಿಂದಿನ ರಾತ್ರಿ ಬರುತ್ತದೆ, ಅದಕ್ಕಾಗಿ ಇಡೀ ಪುಸ್ತಕ ಕಾಯಬೇಕಾಗಿಲ್ಲ. ಚರಿತ್ರೆಯ ಪುಟಗಳ ನಡುವೆ ಜಾಹೀರಾತು ತೂರಿಸಬೇಡಿ ಅಂತ ಒಪ್ಪಂದದಲ್ಲೇ ಬರೆಸಿ. ಒಳಪುಟಕ್ಕೆ 80 ಜಿಎಸ್‌ಎಂ ಮ್ಯಾಪ್ಲಿತೋ ಸಾಕು, ಫೋಟೋಗೆ ಮಾತ್ರ ಆರ್ಟ್ ಪೇಪರ್. ಬೈಂಡಿಂಗ್ ಹೊಲಿಗೆಯದ್ದೇ ಮಾಡಿಸಿ, ಬರೀ ಅಂಟಿನದ್ದು ನಮ್ಮ ಮಳೆಗೆ ಎರಡು ವರ್ಷದಲ್ಲಿ ಬಿಚ್ಚಿಕೊಳ್ಳುತ್ತದೆ.

ನೀವು ಯೂನಿಕೋಡ್‌ನಲ್ಲಿ ಬರೆದು ಕೊಡುತ್ತೀರಿ, ಡಿಟಿಪಿ ಅವರು ಅದನ್ನು 'ನುಡಿ' ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸುತ್ತಾರೆ. ಆ ದಾರಿಯಲ್ಲಿ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಉದುರುತ್ತದೆ, ಅದೂ ಸರಿಯಾಗಿ ಮನೆ ಹೆಸರುಗಳಲ್ಲೇ. ಹಾಗಾಗಿ ಕರಡನ್ನು ಹತ್ತು ಸಲ ನೋಡಿದ್ದರೂ ಪುಟ ಕಟ್ಟಿದ ಮೇಲಿನ ಪ್ರೂಫನ್ನು ಮತ್ತೆ ಓದಲೇಬೇಕು. ಪಟ್ಟಿಗಳನ್ನು ಇಬ್ಬರು ಕೂತು ಓದಿ, ಒಬ್ಬರು ಗಟ್ಟಿಯಾಗಿ ಹೇಳುವುದು, ಇನ್ನೊಬ್ಬರು ರಿಜಿಸ್ಟರ್ ನೋಡುವುದು. ಪುಸ್ತಕದ ಕೊನೆಗೆ ಹೆಸರುಗಳ ಸೂಚಿ ಮಾಡಿ, ಮನೆ ಹೆಸರಿನ ಅಕಾರಾದಿಯಲ್ಲಿ. ಈ ಎರಡು ದಿನದ ಕೆಲಸಕ್ಕೆ ಜನ ಕೊಡುವ ಬೆಲೆ ನಿಮ್ಮ ಇಡೀ ಮೊದಲ ಅಧ್ಯಾಯಕ್ಕೂ ಕೊಡುವುದಿಲ್ಲ.

ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ) ಸಂಖ್ಯೆ ಸರ್ಕಾರದಿಂದ ಉಚಿತವಾಗಿ ಸಿಗುತ್ತದೆ, ಆನ್‌ಲೈನ್‌ನಲ್ಲೇ ಅರ್ಜಿ. 1954ರ ಕಾಯ್ದೆ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ, ಹಾಗೇ ಚೆನ್ನೈ, ಮುಂಬೈ, ದೆಹಲಿಯ ನಿಗದಿಯಾದ ಗ್ರಂಥಾಲಯಗಳಿಗೆ ಒಂದೊಂದು ಕಳಿಸಬೇಕು. ಸಂಘದವರು ಇದನ್ನು ಮಾಡುವುದಿಲ್ಲ, ಪ್ಯಾಕ್ ಮಾಡಿ ನೀವೇ ಪೋಸ್ಟ್ ಆಫೀಸಿಗೆ ಹೋಗಿ.

ಬಿಡುಗಡೆ ಆದ ವಾರದಲ್ಲೇ ಫೋನು ಶುರುವಾಗುತ್ತದೆ. ನಮ್ಮ ಅಜ್ಜ ಉಪಾಧ್ಯಕ್ಷ ಆಗಿದ್ದು ಒಂದು ವರ್ಷ ಅಲ್ಲ ಎರಡು, ನಮ್ಮ ಮನೆ ಹೆಸರಿಗೆ ದೀರ್ಘ ಇಲ್ಲ, ಫೋಟೋದಲ್ಲಿ ನೀವು ಗುರುತು ಸಿಕ್ಕಿಲ್ಲ ಅಂತ ಹಾಕಿದ್ದೀರಲ್ಲ ಅದು ನಮ್ಮ ದೊಡ್ಡಪ್ಪ. ಬೇಸರ ಮಾಡಿಕೊಳ್ಳದೆ ಎಲ್ಲವನ್ನೂ ನಿಮ್ಮ ಪ್ರತಿಯಲ್ಲಿ, ಆಯಾ ಪುಟದ ಅಂಚಿನಲ್ಲಿ, ಹೇಳಿದವರ ಹೆಸರು ಮತ್ತು ತಾರೀಖಿನೊಂದಿಗೆ ಕೆಂಪು ಪೆನ್ನಲ್ಲಿ ಬರೆದಿಡಿ. ನನ್ನ ಹತ್ತಿರ ಇರುವ ಹಾಕಿ ತಂಡದ ಆ ಪುಸ್ತಕದಲ್ಲಿ ಈಗ ಕೆಂಪು ಪೆನ್ನಿನ ಗುರುತು 31. ಮೊನ್ನೆ ಅದೇ ಸಂಸ್ಥೆಯವರು ಇನ್ನೊಂದು ಮುದ್ರಣ ಮಾಡೋಣ ಅಂದರು. ಆ ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು ಹೋದೆ.